ಆಡು ಈಯುವ ತಾರೀಖು ಗೋಡೆ ಮೇಲಿರಲಿ

ನಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಆಡು ತಂದ ಹೆಣ್ಣುಮಕ್ಕಳು ಆಮೇಲೆ ಬಂದು ಕೇಳುವುದು ಒಂದೇ ಮಾತು. "ಅಕ್ಕಾ, ಎರಡು ಮರಿ ಹಾಕ್ತದ, ಒಂದೇ ಉಳೀತದ. ಏನ್ ಮಾಡ್ಲಿ?" ನಾನು ತಿರುಗಿ ಕೇಳುವುದೂ ಒಂದೇ. "ಹೋತಕ್ಕೆ ಬಿಟ್ಟ ತಾರೀಖು ಯಾವುದವ್ವಾ?" ಯಾರಿಗೂ ಗೊತ್ತಿರುವುದಿಲ್ಲ. ಹೋತ ವರ್ಷವಿಡೀ ಹಿಂಡಿನಲ್ಲೇ ತಿರುಗುತ್ತದೆ. ಆಡು ಯಾವಾಗಲೋ ಗಬ್ಬವಾಗುತ್ತದೆ, ಯಾವಾಗಲೋ ನಡುರಾತ್ರಿ ಮಳೆಯಲ್ಲಿ ಈಯುತ್ತದೆ. ಬೆಳಿಗ್ಗೆ ನೋಡಿದರೆ ಒಂದು ಮರಿ ತಣ್ಣಗಾಗಿ ಬಿದ್ದಿರುತ್ತದೆ. ತಾರೀಖು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೇವು, ಲಸಿಕೆ, ಹಾಲು ಬತ್ತಿಸುವುದು, ರಾತ್ರಿ ಎದ್ದು ನೋಡುವುದು, ಎಲ್ಲವನ್ನೂ ಆ ತಾರೀಖಿನಿಂದ ಹಿಂದಕ್ಕೆ ಎಣಿಸಿಯೇ ಮಾಡಬೇಕು.

ನಮ್ಮೂರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನದು. ಖಜೂರಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ. ಹಾಗಾಗಿ ನಮ್ಮಲ್ಲಿ ಇರುವುದೆಲ್ಲ ಉಸ್ಮಾನಾಬಾದಿ ರಕ್ತದ ಕಪ್ಪು ಆಡುಗಳೇ. ಕೆಲವಕ್ಕೆ ಕಿವಿ ಮೇಲೆ ಬಿಳಿ ಮಚ್ಚೆ. ಬೀದರ್ ಕಡೆಯವರ ಹತ್ತಿರ ಬಿದ್ರಿ ಆಡು ಇದೆ, ಅದೂ ಕಪ್ಪು, ಅದೂ ದೇಶದ ತಳಿಗಳ ಪಟ್ಟಿಯಲ್ಲಿ ಸೇರಿದ ಒಳ್ಳೆಯ ತಳಿ. ಬಿಸಿಲು ತಡೆಯುತ್ತವೆ, ಅವಳಿ ಮರಿ ಸಾಮಾನ್ಯ. ಚೆನ್ನಾಗಿ ಮೇಯಿಸಿದರೆ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ ಹಾಲು. ಹಾಲಿನ ಆಸೆಗೆ ದೂರದ ದೊಡ್ಡ ತಳಿ ತರುವವರನ್ನು ನೋಡಿದ್ದೇನೆ. ನಮ್ಮ ಬಿಸಿಲಿಗೆ, ನಮ್ಮ ಒಣ ಮೇವಿಗೆ ಊರ ಆಡೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಯಾವ ತಿಂಗಳು ಈಯಬೇಕು?

ಮೊದಲು ಇದನ್ನು ನಿರ್ಧರಿಸಿ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ತಾಯಿಗೆ ಹಸಿ ಮೇವಿಲ್ಲ, ಹಾಲು ಇಳಿಯುವುದಿಲ್ಲ, ಮರಿ ಏದುಸಿರು ಬಿಡುತ್ತದೆ. ಜುಲೈ, ಆಗಸ್ಟ್ ಅಂದರೆ ಕರಿಮಣ್ಣಿನ ಕೆಸರು. ದೊಡ್ಡಿ ಒಣಗುವುದಿಲ್ಲ, ಹುಳದ ಕಾಟ, ಕೆಮ್ಮು. ನಾನು ಆರಿಸಿಕೊಂಡಿರುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ಸಮಯ. ಮಳೆ ಹೋಗಿರುತ್ತದೆ, ಬದುವಿನ ಮೇಲೆ ಹುಲ್ಲು ಉಳಿದಿರುತ್ತದೆ. ಮರಿ ಎಲೆ ಕಡಿಯುವ ಹೊತ್ತಿಗೆ ತೊಗರಿ ಕೊಯ್ಲು ಹತ್ತಿರ ಬರುತ್ತದೆ. ರಾಶಿ ಆದ ಮೇಲೆ ಹೊಟ್ಟು ಬೇಕಾದಷ್ಟು. ತೊಗರಿ ಕಣಜದಲ್ಲಿ ಇದ್ದು ಆಡಿಗೆ ಮೇವಿಲ್ಲ ಅಂದರೆ ಹೇಗೆ?

ಆಡಿನ ಗಬ್ಬ ಸುಮಾರು 150 ದಿನ. ಐದು ತಿಂಗಳಿಗೆ ಎರಡು ಮೂರು ದಿನ ಕಡಿಮೆ ಅಂತ ನೆನಪಿಟ್ಟುಕೊಳ್ಳಿ. ಜೂನ್ 10ಕ್ಕೆ ಹೋತಕ್ಕೆ ಬಿಟ್ಟರೆ ನವೆಂಬರ್ 7ರ ಆಸುಪಾಸು ಈಯುತ್ತದೆ. ಅವಳಿ ಇದ್ದರೆ ಸ್ವಲ್ಪ ಮೊದಲೇ ಆಗಬಹುದು. ಅಂದರೆ ಮೇ ಕೊನೆಯಿಂದ ಜೂನ್ ನಡುವೆ ಹೋತಕ್ಕೆ ಬಿಡಬೇಕು.

ಒಂದು ತೊಡಕಿದೆ. ಮೇ ತಿಂಗಳಲ್ಲಿ ಆಡುಗಳು ಬಡವಾಗಿರುತ್ತವೆ. ಬಡ ಆಡು ಬೆದೆಗೆ ಬರುವುದು ತಡ, ಬಂದರೂ ಒಂದೇ ಮರಿ. ಅದಕ್ಕೆ ಹೋತಕ್ಕೆ ಬಿಡುವ ಎರಡು ಮೂರು ವಾರ ಮೊದಲೇ ದಿನಕ್ಕೆ 200 ಗ್ರಾಂ ಕಾಳು-ಚುನಿ ಶುರು ಮಾಡಿ. ಚುನಿ ಅಂದರೆ ಬೇಳೆ ಒಡೆಯುವಾಗ ಉಳಿಯುವ ನುಚ್ಚು-ಹೊಟ್ಟು. ದಾಲ್ ಮಿಲ್ಲಿನಲ್ಲಿ ಸಿಗುವ ತೊಗರಿ ಚುನಿ ನಮಗೆ ಅಗ್ಗ. ಜೊತೆಗೆ ಜಾಲಿ ಮರದ ಕೆಳಗೆ ಉದುರಿದ ಒಣ ಕಾಯಿ. ಮಕ್ಕಳಿಗೆ ರಜೆ ಇರುತ್ತದೆ, ಚೀಲ ಕೊಟ್ಟು ಕಳಿಸಿದರೆ ಆರಿಸಿಕೊಂಡು ಬರುತ್ತವೆ. ಹುಳದ ಔಷಧಿಯನ್ನೂ ಈಗಲೇ ಹಾಕಿ ಮುಗಿಸಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಹಾಕಬಾರದು, ಒಳಗಿನ ಮರಿಗೆ ಕೇಡು.

ಮೊದಲ ಸಲದ ಹೆಣ್ಣಾಡು ಹತ್ತು ತಿಂಗಳು ದಾಟಿ, ತೂಕ 20 ಕೆ.ಜಿ. ಮೇಲಿರಬೇಕು. ವಯಸ್ಸಿಗಿಂತ ತೂಕ ನೋಡಿ.

ಹೋತ

ಇಪ್ಪತ್ತು, ಇಪ್ಪತ್ತೈದು ಆಡಿಗೆ ಒಂದು ಹೋತ ಸಾಕು. ಮೂರು ನಾಲ್ಕು ಆಡು ಇರುವವರು ಹೋತ ಸಾಕುವುದು ಸುಮ್ನೆ ದಂಡ. ಅದರ ಹೊಟ್ಟೆ ತುಂಬಿಸಬೇಕು, ಅದರ ವಾಸನೆ ಹಾಲಿಗೆ ಹತ್ತುತ್ತದೆ. ನಮ್ಮ ಓಣಿಯವರು ನಾಲ್ಕೈದು ಮನೆ ಸೇರಿ ಒಂದು ಹೋತ ಇಟ್ಟಿದ್ದೇವೆ. ಒಬ್ಬರ ಮನೆಯಲ್ಲಿ ಬೇರೆ ಕಟ್ಟುತ್ತೇವೆ, ಮೇವು ಎಲ್ಲರದು.

ಹೋತ ಆರಿಸುವಾಗ ಕೋಡು, ಗಡ್ಡ ನೋಡಿ ಮರುಳಾಗಬೇಡಿ. ಅದರ ತಾಯಿಯನ್ನು ನೋಡಿ. ಕೆಚ್ಚಲು ಹೇಗಿದೆ, ಎಷ್ಟು ಹಾಲು, ಅವಳಿಯಲ್ಲಿ ಹುಟ್ಟಿದ್ದಾ ಅಂತ ಕೇಳಿ. ಹೆಣ್ಣು ಮರಿಯ ಕೆಚ್ಚಲಿಗೆ ಅರ್ಧ ಹೋತದ ಕಡೆಯಿಂದಲೇ ಬರುವುದು, ಅಲ್ವಾ? ಎರಡೂ ಬೀಜ ಸಮನಾಗಿ, ಗಟ್ಟಿಯಾಗಿ ಇರಬೇಕು. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸಿ. ಇಲ್ಲದಿದ್ದರೆ ತನ್ನ ಮಕ್ಕಳಿಗೇ ಹಾರುತ್ತದೆ, ಹುಟ್ಟುವ ಮರಿಗಳು ಬರಬರುತ್ತಾ ಸಣ್ಣವಾಗುತ್ತವೆ.

ಬೆದೆಗೆ ಬಂದ ಆಡನ್ನು ಗುರುತಿಸುವುದು ಕಷ್ಟವಲ್ಲ. ಬಾಲ ಪಟಪಟ ಅಲ್ಲಾಡಿಸುತ್ತದೆ, ಕಾರಣವಿಲ್ಲದೆ ಕೂಗುತ್ತದೆ, ಮೇವು ಬಿಡುತ್ತದೆ, ಪಕ್ಕದ ಆಡಿನ ಮೇಲೆ ಹತ್ತುತ್ತದೆ. ಹಿಂದೆ ಲೋಳೆ ಕಾಣುತ್ತದೆ. ಅನುಮಾನ ಇದ್ದರೆ ಒಂದು ಬಟ್ಟೆಯನ್ನು ಹೋತದ ತಲೆಗೆ, ಕೋಡಿನ ಬುಡಕ್ಕೆ ಉಜ್ಜಿ ತಂದು ಆಡಿನ ಮೂಗಿಗೆ ಹಿಡಿಯಿರಿ. ಬೆದೆಯಲ್ಲಿದ್ದರೆ ಬಾಲ ಸುಮ್ಮನಿರುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಹೋತವನ್ನು ತಿಂಗಳುಗಟ್ಟಲೆ ದೂರ ಇಟ್ಟು ಆಮೇಲೆ ಹತ್ತಿರ ತಂದರೆ, ಅದರ ವಾಸನೆಗೇ ಬಹಳಷ್ಟು ಆಡುಗಳು ಒಂದೆರಡು ವಾರದಲ್ಲಿ ಒಟ್ಟಿಗೆ ಬೆದೆಗೆ ಬರುತ್ತವೆ. ಮರಿಗಳೂ ಒಟ್ಟಿಗೆ ಬರುತ್ತವೆ, ನಿಗಾ ಇಡುವುದು ಸುಲಭ.

ಬೆದೆ ಒಂದರಿಂದ ಎರಡು ದಿನ ಇರುತ್ತದೆ. ಬೆಳಿಗ್ಗೆ ಕಂಡರೆ ಸಂಜೆ ಹೋತಕ್ಕೆ ಬಿಡಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಮನೆಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆಡಿನ ಹೆಸರು ಬರೆಯಿರಿ. ಅಲ್ಲಿಂದ 18ರಿಂದ 21 ದಿನದ ಜಾಗಕ್ಕೂ ಒಂದು ಗುರುತು ಹಾಕಿ. ಆ ದಿನಗಳಲ್ಲಿ ಮತ್ತೆ ಬಾಲ ಅಲ್ಲಾಡಿಸಿದರೆ ಗಬ್ಬ ನಿಂತಿಲ್ಲ, ಮತ್ತೆ ಬಿಡಬೇಕು. ಸುಮ್ಮನಿದ್ದರೆ ಈಯುವ ತಾರೀಖನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

ಗಬ್ಬದ ಐದು ತಿಂಗಳು

ಮೊದಲ ಮೂರು ತಿಂಗಳು ಹೆಚ್ಚಿನ ಕೆಲಸವಿಲ್ಲ. ಮಳೆಗಾಲ, ಹಸಿರು ಇರುತ್ತದೆ. ನಾಯಿ ಅಟ್ಟಿಸದಂತೆ, ಕೋಡಿನಿಂದ ಹಾಯದಂತೆ ನೋಡಿಕೊಂಡರೆ ಸಾಕು.

ಹಾಲು ಕೊಡುತ್ತಿರುವ ಆಡಾದರೆ ಈಯುವ ಎರಡು ತಿಂಗಳು ಮೊದಲು ಹಾಲು ಬತ್ತಿಸಿ. ಕಾಳು ಕಡಿಮೆ ಮಾಡಿ, ಎರಡು ಹೊತ್ತು ಕರೆಯುವುದನ್ನು ಒಂದು ಹೊತ್ತಿಗೆ ಇಳಿಸಿ, ಆಮೇಲೆ ನಿಲ್ಲಿಸಿ. "ಇನ್ನೂ ಒಂದು ಲೋಟ ಬರ್ತದಲ್ಲ" ಅಂತ ಎಳೆಯುತ್ತಾ ಹೋದರೆ ಗಿಣ್ಣದ ಹಾಲು ತೆಳುವಾಗುತ್ತದೆ.

ಹೊಟ್ಟೆಯೊಳಗಿನ ಮರಿ ಹೆಚ್ಚಾಗಿ ಬೆಳೆಯುವುದು ಕೊನೆಯ ಆರು ವಾರದಲ್ಲಿ. ಆಗ ಕಾಳಿನ ಮಿಶ್ರಣ ನಿಧಾನವಾಗಿ ಏರಿಸಿ, 250ರಿಂದ 400 ಗ್ರಾಂ ತನಕ. ನಾನು ಜೋಳದ ನುಚ್ಚು, ತೊಗರಿ ಚುನಿ, ಗೋಧಿ ಬೂಸಾ, ಸ್ವಲ್ಪ ಶೇಂಗಾ ಹಿಂಡಿ ಕಲಸುತ್ತೇನೆ. ಅದಕ್ಕೆ ಒಂದು ಚಿಟಿಕೆ ಉಪ್ಪು, ಪಶು ಆಸ್ಪತ್ರೆಯಲ್ಲಿ ಹೇಳುವ ಖನಿಜ ಪುಡಿ. ಅವಳಿ ಹೊತ್ತ ಆಡಿನ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆ. ಒಂದೇ ಸಲ ಸುರಿಯದೆ ಮೂರು ನಾಲ್ಕು ಸಲ ಕೊಡಿ. ಈ ಸಮಯದಲ್ಲಿ ಆಡು ಮೇವು ಬಿಟ್ಟು ತಲೆ ತಗ್ಗಿಸಿ ಮೂಲೆಯಲ್ಲಿ ನಿಂತರೆ "ನಾಳೆ ನೋಡೋಣ" ಅನ್ನಬೇಡಿ. ಬೆಲ್ಲದ ನೀರು ಕುಡಿಸಿ, ಅದೇ ದಿನ ಡಾಕ್ಟರನ್ನು ಕರೆಸಿ. ಅವಳಿ ಮರಿಗಳ ಹಸಿವಿಗೆ ತಾಯಿಯ ಮೈ ಸೋತಾಗ ಹೀಗಾಗುತ್ತದೆ, ಎರಡು ದಿನ ಬಿಟ್ಟರೆ ತಾಯಿಯೇ ಉಳಿಯುವುದಿಲ್ಲ.

ಈಯುವ ಮೂರು ನಾಲ್ಕು ವಾರ ಮೊದಲು ಕರುಳುಬೇನೆ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಿ. ಆಗ ತಾಯಿಯ ಮೈಯಲ್ಲಿ ಹುಟ್ಟುವ ರಕ್ಷಣೆ ಗಿಣ್ಣದ ಹಾಲಿನ ಮೂಲಕ ಮರಿಗೆ ಬರುತ್ತದೆ. ಪಿಪಿಆರ್ ಅನ್ನುವ ಆಡು-ಕುರಿಗಳ ಅಂಟುರೋಗದ ಲಸಿಕೆ ಗಬ್ಬ ಕಟ್ಟುವ ಮೊದಲೇ ಆಗಿರಲಿ.

ಅಕ್ಟೋಬರಿನಲ್ಲಿ ನಮ್ಮ ಹೊಲಗಳಲ್ಲೇ ಎರಡು ಅಪಾಯ ಕಾದಿರುತ್ತವೆ. ಒಂದು, ಹಿಂಗಾರಿ ಜೋಳದ ಎಳೆ ಬೆಳೆ. ಮೊಣಕಾಲೆತ್ತರದ ಜೋಳ, ಅದರಲ್ಲೂ ನೀರಿಲ್ಲದೆ ಬಾಡಿದ್ದು, ಆಡಿಗೆ ವಿಷ. ತಿಂದು ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ. ಎರಡು, ಹೂ ಬಿಟ್ಟ ತೊಗರಿಗೆ ಕಾಯಿಕೊರಕದ ಔಷಧಿ ಹೊಡೆದಿರುತ್ತಾರೆ. ಪಕ್ಕದ ಹೊಲದವರನ್ನು "ಕಾಕಾ, ಎಣ್ಣಿ ಯಾವಾಗ ಹೊಡೆದ್ರಿ?" ಅಂತ ಕೇಳದೆ ಬದುವಿಗೆ ಬಿಡಬೇಡಿ.

ಈಯುವ ದಿನ

ಕೆಂಪು ತಾರೀಖಿನ ಒಂದು ವಾರ ಮೊದಲು ಆಡನ್ನು ಬೇರೆ ಕಟ್ಟಿ. ಐದು ಅಡಿಗೆ ಐದು ಅಡಿ ಜಾಗ ಸಾಕು. ಹಳೆಯ ಗೊಬ್ಬರ ಕೆರೆದು ತೆಗೆದು ಸುಣ್ಣದ ಪುಡಿ ಎರಚಿ, ಮೇಲೆ ಒಣ ರವದಿ, ಅಂದರೆ ಬೆಳೆಯ ಒಣಗಿದ ಎಲೆ-ಕಡ್ಡಿ, ದಪ್ಪಗೆ ಹಾಸಿ. ನೀರಿನ ದೊಡ್ಡ ಬಕೆಟ್ ಅಲ್ಲಿ ಇಡಬೇಡಿ, ಹುಟ್ಟಿದ ಮರಿ ತೊಯ್ದ ಕಾಲಿನಲ್ಲಿ ತೂರಾಡುತ್ತಾ ಅದರಲ್ಲಿ ಬೀಳುತ್ತದೆ. ಒಂದು ಡಬ್ಬಿಯಲ್ಲಿ ಟಿಂಚರ್ ಅಯೋಡಿನ್, ಹೊಸ ಬ್ಲೇಡು, ದಾರ, ಕೈಗವಸು, ಸಾಬೂನು, ಹಳೆಯ ಕಾಟನ್ ಸೀರೆ ತುಂಡು, ಕೊಬ್ಬರಿ ಎಣ್ಣೆ, ನಿಪ್ಪಲ್ ಬಾಟಲಿ, ಬ್ಯಾಟರಿ ಹಾಕಿಡಿ. ನಮ್ಮ ಕಡೆ ಕರೆಂಟ್ ಹೋಗುವುದು ಸರಿಯಾಗಿ ಆಗಲೇ.

ಬಾಲದ ಬುಡದ ಎರಡೂ ಪಕ್ಕ ಬೆರಳಾಡಿಸಿ ನೋಡುತ್ತಿರಿ. ಅಲ್ಲಿ ಪೆನ್ಸಿಲ್ಲಿನಂಥ ಎರಡು ಗಟ್ಟಿ ನರ ಸಿಗುತ್ತವೆ. ಅವು ಮೆತ್ತಗಾಗಿ ಕೈಗೆ ಸಿಗದಂತಾದರೆ ಒಂದು ದಿನದೊಳಗೆ ಈಯುತ್ತದೆ. ಕೆಚ್ಚಲು ಬಿಗಿಯುತ್ತದೆ, ಪಕ್ಕೆ ಕುಳಿ ಬೀಳುತ್ತದೆ, ಆಡು ಕಾಲಿನಿಂದ ನೆಲ ಕೆರೆಯುತ್ತದೆ, ತನ್ನ ಹೊಟ್ಟೆಯ ಕಡೆ ತಿರುಗಿ ನೋಡಿ ಮೆಲ್ಲಗೆ ಕೂಗುತ್ತದೆ.

ಲೋಳೆ ಬಂದು, ನೀರಿನ ಚೀಲ ಕಂಡು, ಆಡು ಮುಕ್ಕಲು ಶುರು ಮಾಡಿದಾಗ ಗಡಿಯಾರ ನೋಡಿ. ಆಮೇಲೆ ಕೈ ಕಟ್ಟಿ ಕೂರಿ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಓಣಿಯವರೆಲ್ಲ ಬಂದು ನಿಲ್ಲುತ್ತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲರನ್ನೂ ಚಹಾಕ್ಕೆ ಕಳಿಸಿ. ಎರಡು ಮುಂಗಾಲು, ಅವುಗಳ ಮೇಲೆ ಮೂಗು ಕಂಡರೆ ಸರಿಯಾಗಿದೆ. ಎರಡೂ ಹಿಂಗಾಲು ಮೊದಲು ಬಂದರೂ ಸಾಮಾನ್ಯವಾಗಿ ಹೊರಬರುತ್ತದೆ, ಆದರೆ ತಡವಾಗಬಾರದು. ಒಂದೇ ಕಾಲು, ಕಾಲಿಲ್ಲದೆ ಬರೀ ತಲೆ, ಅಥವಾ ಬರೀ ಬಾಲ ಕಂಡರೆ ಡಾಕ್ಟರು ಬೇಕು. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಏನೂ ಮುಂದೆ ಬರದಿದ್ದರೂ ಅಷ್ಟೇ. ಮನೆ ಬಾಗಿಲಿಗೆ ಬರುವ ಸರ್ಕಾರಿ ಪಶು ಆಂಬುಲೆನ್ಸ್ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ, ಊರಿನ ಪಶು ಆಸ್ಪತ್ರೆಗೂ ಹೇಳಿ. ಕಾಲುಗಳು ಸರಿಯಾಗಿದ್ದು ಮರಿ ದೊಡ್ಡದಾಗಿ ಸಿಕ್ಕಿಕೊಂಡಿದ್ದರೆ ಮಾತ್ರ ಕೈ ತೊಳೆದು, ಎಣ್ಣೆ ಹಚ್ಚಿ, ಆಡು ಮುಕ್ಕಿದಾಗ ಮಾತ್ರ, ಕೆಳಮುಖವಾಗಿ ಎಳೆಯಿರಿ. ಅದು ನಿಂತಾಗ ನೀವೂ ನಿಲ್ಲಿ.

ಕೈಗವಸು ತೋರಿಕೆಗಲ್ಲ. ಗಬ್ಬ ಹೋದ ಆಡಿನಿಂದ, ಮರಿಯ ಹಿಂದೆ ಬೀಳುವ ಮಾಸಿನಿಂದ ಮನುಷ್ಯರಿಗೂ ರೋಗ ಹತ್ತುತ್ತದೆ. ಬಸುರಿ ಹೆಂಗಸರು ಈ ಕೆಲಸಕ್ಕೆ ಬರಲೇಬಾರದು.

ಮೊದಲ ಗಂಟೆ

ಮರಿ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಬೆರಳಿನಿಂದ ತೆಗೆಯಿರಿ. ಉಸಿರಾಡದಿದ್ದರೆ ರವದಿಯ ಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಡಿ, ಸೀರೆ ತುಂಡಿನಿಂದ ಎದೆಯನ್ನು ಜೋರಾಗಿ ಉಜ್ಜಿ. ಸೀನಿದರೆ ಗೆದ್ದಂತೆ. ಆಮೇಲೆ ತಾಯಿಯ ಮುಂದೆ ಇಡಿ, ನೆಕ್ಕಲಿ. ನೆಕ್ಕಿದ ಮರಿಯನ್ನೇ ಅದು ತನ್ನದು ಅನ್ನುತ್ತದೆ. ಚೊಚ್ಚಲ ಆಡು ಹಿಂದೆ ಸರಿದರೆ ಮರಿಯ ಮೈಯ ಲೋಳೆಯನ್ನು ಅದರ ಮೂಗಿಗೆ ಸವರಿ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಎರಡನೆಯದು ಬರಬಹುದು, ಆಗ ಮೊದಲನೆಯದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ, ತುಳಿಸಿಕೊಳ್ಳುತ್ತದೆ.

ಹೊಕ್ಕುಳ ಬಳ್ಳಿ ತಾನಾಗಿ ಹರಿದಿದ್ದರೆ ಒಳ್ಳೆಯದು. ಉದ್ದ ಇದ್ದರೆ ಹೊಟ್ಟೆಯಿಂದ ಎರಡು ಇಂಚು ಬಿಟ್ಟು ದಾರ ಕಟ್ಟಿ ಕತ್ತರಿಸಿ. ಬಳ್ಳಿಯ ತುದಿ ಪೂರ್ತಿ ಮುಳುಗುವಂತೆ ಸಣ್ಣ ಬಟ್ಟಲಿನಲ್ಲಿ ಅಯೋಡಿನ್ ಹಿಡಿಯಿರಿ. ಅರಿಶಿನ, ಬೂದಿ, ಸೆಗಣಿ ಏನೂ ಬೇಡ. ಮರಿಯ ಕೀಲು ಬಾತು ಕುಂಟುವ ರೋಗ ಒಳಗೆ ಹೋಗುವುದು ಇದೇ ದಾರಿಯಿಂದ.

ಈಗ ಗಿಣ್ಣದ ಹಾಲು. ಇಲ್ಲಿ ನನಗೂ ನಮ್ಮ ಅತ್ತೆಗೂ ವರ್ಷಗಳ ಜಗಳ. "ಮಾಸು ಬೀಳೋ ತನಕ ಮರೀಗಿ ಹಾಲು ಬಿಡಬ್ಯಾಡ, ಹೊಟ್ಟಿ ಕೆಡ್ತದ" ಅನ್ನುತ್ತಿದ್ದರು. ಊರಲ್ಲಿ ಇನ್ನೂ ಬಹಳ ಮಂದಿ ಹೀಗೇ ಮಾಡುತ್ತಾರೆ. ಮಾಸು ಬೀಳಲು ಹನ್ನೆರಡು ಗಂಟೆಯೂ ಹಿಡಿಯಬಹುದು. ಅಷ್ಟರೊಳಗೆ ಗಿಣ್ಣದ ಹಾಲಿನ ರಕ್ಷಣೆಯನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿನಲ್ಲಿ ಬಹಳಷ್ಟು ಇಳಿದಿರುತ್ತದೆ, ಒಂದು ದಿನ ಕಳೆದರೆ ಇಲ್ಲವೇ ಇಲ್ಲ. ಮರಿ ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಸ್ವಂತ ಬಲ ಇರುವುದಿಲ್ಲ. ಇದ್ದದ್ದೆಲ್ಲ ಈ ಹಾಲಿನಲ್ಲೇ. ಮರಿ ಚೀಪಿದರೆ ಮಾಸೂ ಬೇಗ ಬೀಳುತ್ತದೆ. ಅತ್ತೆ ಈಗ ಏನೂ ಅನ್ನುವುದಿಲ್ಲ, ಆದರೆ ಒಪ್ಪಿಯೂ ಇಲ್ಲ.

ಮೊದಲು ಪ್ರತಿ ತೊಟ್ಟಿನಿಂದ ಎರಡು ಮೂರು ಸಲ ಹಿಂಡಿ ಕೆಳಗೆ ಬಿಡಿ, ತುದಿಯಲ್ಲಿ ಕಟ್ಟಿರುವ ಗಟ್ಟಿ ಹೋಗುತ್ತದೆ. ಅರ್ಧ ಗಂಟೆಯೊಳಗೆ ಮರಿಯ ಬಾಯಿಗೆ ತೊಟ್ಟು ಇಡಿ. ಎರಡು ಕೆ.ಜಿ. ತೂಗುವ ಮರಿಗೆ ಮೊದಲ ದಿನದಲ್ಲಿ 200 ಮಿ.ಲೀ. ಆದರೂ ಹೋಗಬೇಕು, ಸುಮಾರು 50 ಮಿ.ಲೀ.ನಂತೆ ಸ್ವಲ್ಪ ಸ್ವಲ್ಪವಾಗಿ. ಚೀಪಲು ಆಗದಿದ್ದರೆ ಹಿಂಡಿ ಬಾಟಲಿಯಲ್ಲಿ ಕೊಡಿ. ಆದರೆ ಮೊದಲು ಬೆರಳನ್ನು ಮರಿಯ ಬಾಯೊಳಗೆ ಇಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲು ಕುಡಿಸಬೇಡಿ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಶ್ವಾಸಕ್ಕೂ ಹೋಗಬಹುದು. ಮೈ ಒರೆಸಿ, ಕೌದಿಯಲ್ಲಿ ಸುತ್ತಿ, ಬಿಸಿ ನೀರು ತುಂಬಿದ ಬಾಟಲಿ ಪಕ್ಕಕ್ಕಿಟ್ಟು ಬೆಚ್ಚಗೆ ಮಾಡಿ. ಬಾಯಿ ಬಿಸಿಯಾದ ಮೇಲೆ ಹಾಲು. ಬೀದರ್ ಕಡೆಯ ಚಳಿ ನಮಗಿಂತ ಜಾಸ್ತಿ, ಅಲ್ಲಿಯವರು ಬಲ್ಬ್ ಹಾಕುತ್ತಾರೆ. ಹಾಕಿದರೆ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ, ಕೆಳಗೆ ರವದಿ ಇದೆ.

ಹಾಲು ಹೆಚ್ಚಾದ ಆಡಿನ ಗಿಣ್ಣದ ಹಾಲನ್ನು ಸಣ್ಣ ಬಾಟಲಿಯಲ್ಲಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಟ್ಟುಕೊಳ್ಳಿ. ತಾಯಿ ಸತ್ತ ಮರಿಗೆ ಅದೇ ಗತಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಿದರೆ ಒಡೆಯುತ್ತದೆ, ಗುಣವೂ ಹೋಗುತ್ತದೆ. ಮನೆಯವರು ಗಿಣ್ಣ ಮಾಡಿ ತಿನ್ನುವ ಆಸೆಯನ್ನು ಎಮ್ಮೆ ಈದಾಗ ತೀರಿಸಿಕೊಳ್ಳಲಿ.

ತಾಯಿಗೆ ಬೆಚ್ಚಗಿನ ಬೆಲ್ಲದ ನೀರು, ಬೂಸಾ, ಹಸಿ ಸೊಪ್ಪು ಕೊಡಿ. ಮಾಸು ಜೋತಾಡುತ್ತಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಹನ್ನೆರಡು ಗಂಟೆ ದಾಟಿದರೆ ಡಾಕ್ಟರಿಗೆ ಹೇಳಿ. ಬಿದ್ದ ಮಾಸನ್ನು ನಾಯಿಗೆ ಸಿಗದಂತೆ ಆಳಕ್ಕೆ ಹೂಳಿ.

ಹಾಲಿನ ಪಾಲು

ಮೊದಲ ಎರಡು ವಾರದ ಹಾಲೆಲ್ಲ ಮರಿಯದು. ಹದಿನೈದು ದಿನಕ್ಕೆ ಅದು ಸೊಪ್ಪು ಕಡಿಯಲು ಕಲಿಯುತ್ತದೆ, ಬೇವು, ಸುಬಾಬುಲ್, ತೊಗರಿ ಎಲೆಯನ್ನು ಕಟ್ಟು ಮಾಡಿ ಅದರ ಎತ್ತರಕ್ಕೆ ತೂಗು ಹಾಕಿ. ಮೂರನೇ ವಾರದಿಂದ ರಾತ್ರಿ ಮರಿಗಳನ್ನು ಬುಟ್ಟಿಯಡಿ ಬೇರೆ ಇಟ್ಟು ಬೆಳಿಗ್ಗೆ ಹಾಲು ಕರೆದುಕೊಳ್ಳಬಹುದು. ಹಗಲೆಲ್ಲ ತಾಯಿಯ ಜೊತೆಗಿರಲಿ. ವಾರಕ್ಕೊಮ್ಮೆ ಚೀಲದಲ್ಲಿ ಹಾಕಿ ತಕ್ಕಡಿಗೆ ತೂಗಿ. ತೂಕ ಏರದಿದ್ದರೆ ನೀವು ಕರೆಯುವುದು ಜಾಸ್ತಿ ಆಗಿದೆ, ಒಂದು ತೊಟ್ಟು ಬಿಟ್ಟುಕೊಡಿ. ಮೂರು ತಿಂಗಳಿಗೆ ಹಾಲು ಬಿಡಿಸಬಹುದು.

ಹಾಲನ್ನು ಕಾಯಿಸಿಯೇ ಕುಡಿಯಿರಿ, ಕಾಯಿಸಿ ಕುಡಿಯಿರಿ ಅಂತ ಹೇಳಿಯೇ ಮಾರಿ. ಡೆಂಗ್ಯೂ ಬಂದ ವರ್ಷ ಪೇಟೆಯಿಂದ ಮೋಟರ್‌ಸೈಕಲ್ ಮೇಲೆ ಬಂದು "ಹಸಿ ಹಾಲೇ ಬೇಕು, ಕೇಳಿದಷ್ಟು ಕೊಡ್ತೀವಿ" ಅನ್ನುತ್ತಾರೆ. ಆಡಿನ ಹಾಲಿನಿಂದ ಪ್ಲೇಟ್‌ಲೆಟ್ ಏರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಹಸಿ ಹಾಲಿನಿಂದ ಬೇರೆ ಜ್ವರ ಬರಬಹುದು. ಮೊದಲು ಆಸ್ಪತ್ರೆಗೆ ಹೋಗಿ ಅಂತ ಹೇಳಿಯೇ ನಾನು ಹಾಲು ಅಳೆಯುತ್ತೇನೆ.

ಫೆಬ್ರವರಿ, ಮಾರ್ಚಿನಲ್ಲಿ ಜೋಳದ ರಾಶಿ ನಡೆಯುವಾಗ ಆಡು, ಮರಿ ಎರಡನ್ನೂ ಕಣದ ಹತ್ತಿರ ಬಿಡಬೇಡಿ. ಕಾಳಿನ ರಾಶಿಗೆ ಬಾಯಿ ಹಾಕಿ ಹೊಟ್ಟೆ ಉಬ್ಬಿ ಸಾಯುವ ಆಡುಗಳು ನಮ್ಮ ಕಡೆ ಪ್ರತಿ ವರ್ಷ ಇರುತ್ತವೆ.

ಗಂಡು ಮರಿಗಳನ್ನು ಮೂರೂವರೆ ತಿಂಗಳೊಳಗೆ ಬೇರೆ ಮಾಡಿ. ನಾಲ್ಕು ತಿಂಗಳಿಗೇ ಅವಕ್ಕೆ ಕಸುವು ಬರುತ್ತದೆ, ಅಕ್ಕತಂಗಿಯರನ್ನೇ ಗಬ್ಬ ಮಾಡುತ್ತವೆ. ಬಕ್ರೀದ್‌ಗೆ ಮಾರುವ ಲೆಕ್ಕ ಇದ್ದರೆ ಮರಿಗೆ ವರ್ಷ ತುಂಬಿರಬೇಕು, ಬೀಜ ಒಡೆಸಿರಬಾರದು ಅನ್ನುವ ಗಿರಾಕಿಗಳೂ ಇದ್ದಾರೆ. ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮೊದಲಾಗುತ್ತಾ ಬರುವುದರಿಂದ ಅದನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ತಾಯಿ ಆಡು ಈದ ಎರಡು ಮೂರು ತಿಂಗಳಿಗೆ ಮತ್ತೆ ಬೆದೆಗೆ ಬರಬಹುದು. ಎರಡು ವರ್ಷಕ್ಕೆ ಮೂರು ಸಲ ಈಯಿಸುವವರಿದ್ದಾರೆ. ನೀರಾವರಿ ಮೇವು ಇದ್ದವರಿಗೆ ಅದು ಸರಿ. ಮಳೆ ನಂಬಿದ ನಮ್ಮಂಥವರ ಮನೆಯಲ್ಲಿ ವರ್ಷಕ್ಕೊಂದು ಸಲವೇ ಸಾಕು, ಹೋತ ಮೇ ಕೊನೆಯ ತನಕ ಬೇರೆಯೇ ಇರಲಿ.